ಸ್ವಚ್ಛವಾಹಿನಿಯ ಟೈರು: ಸದಸ್ಯರು ಗಮನಿಸಬೇಕಾದುದು

ಹೊಸರಿತ್ತಿಯ ಸುತ್ತಲಿನ ಎರೆಮಣ್ಣು ಮಳೆಗೆ ರಾಡಿಯಾದಾಗ, ಕಸ ತುಂಬಿದ ಸ್ವಚ್ಛವಾಹಿನಿಗೆ ನೆಲದ ಹಿಡಿತ ಕೊಡುವುದು ಟೈರಿನ ತೋಡುಗಳು. ನಾಲ್ಕು ಚಕ್ರದ ವಾಹನದಲ್ಲಿ ಈ ತೋಡಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಿರಬಾರದೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ವಿಧಿ. ಅಳತೆಪಟ್ಟಿ ಬೇಕಿಲ್ಲ, ತೋಡಿನೊಳಗಿನ ಸಣ್ಣ ಉಬ್ಬು ಮೇಲ್ಮೈಗೆ ಸಮನಾದರೆ ಟೈರಿನ ಆಯುಷ್ಯ ಮುಗಿದಂತೆ.

ಸವೆತವೇ ಕಾರಣವನ್ನೂ ತೋರಿಸುತ್ತದೆ. ನಡುಭಾಗ ಸವೆದರೆ ಗಾಳಿ ಹೆಚ್ಚಾಗಿದೆ; ಒಂದೇ ಅಂಚು ಸವೆದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ; ಎರಡೂ ಅಂಚು ಸವೆದರೆ ಗಾಳಿ ಕಡಿಮೆಯಾಗಿದೆ. ಕೊನೆಯದೇ ಹೆಚ್ಚು ಅಪಾಯಕರ. ಗಾಳಿ ಕಡಿಮೆಯಿದ್ದ ಟೈರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ, ಒಳಪದರ ಸಡಿಲುತ್ತದೆ, ಹಸಿ ಕಸದ ಭಾರಕ್ಕೆ ಒಮ್ಮೆಲೆ ಸಿಡಿಯಬಹುದು. ಆದ್ದರಿಂದ ಬೆಳಿಗ್ಗೆ ವಾಹನ ಹೊರಡುವ ಮುನ್ನವೇ ಗಾಳಿ ಪರೀಕ್ಷಿಸಬೇಕು. ಓಡಿ ಕಾದ ಟೈರು ಹೆಚ್ಚಿನ ಒತ್ತಡ ತೋರಿಸುತ್ತದೆ. ಅದನ್ನು ಕಂಡು ಗಾಳಿ ಬಿಡುವುದು ತಪ್ಪು. ಸ್ಟೆಪ್ನಿಯನ್ನಂತೂ ಬಹುತೇಕರು ಮರೆತೇಬಿಡುತ್ತಾರೆ.

ಹೊಸ ಟೈರು ಕೊಳ್ಳುವಾಗ ಪಕ್ಕೆಯ ನಾಲ್ಕಂಕಿ ನೋಡಬೇಕು: 2325 ಎಂದರೆ 2025ರ 23ನೆಯ ವಾರದ ತಯಾರಿಕೆ.

ಟೈರು ಸವೆದಿದೆಯೆಂದು ಚಾಲಕಿ ತಿಳಿಸಿದ ದಿನವನ್ನು ಲಾಗ್ ಪುಸ್ತಕದಲ್ಲಿ ಬರೆಯಿಸಿ, ಮುಂದಿನ ಸಭೆಯಲ್ಲಿ ಮಂಡಿಸತಕ್ಕದ್ದು. ಅನುದಾನ ಬರಲೆಂದು ಕಾಯುತ್ತ ಅದೇ ಟೈರಿನಲ್ಲಿ ಅವರನ್ನು ರಸ್ತೆಗೆ ಕಳುಹಿಸುವುದು ಸಲ್ಲದು.