ನಮ್ಮ ಬೆಟ್ಟ ಎಷ್ಟನೇ ಎಸೆತದಲ್ಲಿದೆ? — ಒಂದು ಪಾಠ, ಒಂದು ಮರುಪಾಠ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. 9ನೇ ತರಗತಿ, ವಿಜ್ಞಾನ, ಘಟಕ ‘ಪರಮಾಣುವಿನ ರಚನೆ’. ಐಸೋಟೋಪುಗಳ ಉಪಯೋಗ ಬಂದಾಗ ಪಠ್ಯವು ರಿಯಾಕ್ಟರಿನ ಯುರೇನಿಯಂ, ಕ್ಯಾನ್ಸರ್ ಚಿಕಿತ್ಸೆಯ ಕೋಬಾಲ್ಟ್ ಎಂದು ಹೇಳಿ ಮುಂದೆ ಹೋಗುತ್ತದೆ. ಕಿಟಕಿಯಾಚೆ ಬಂಡೆ ಕಾಣುವ ತರಗತಿಯಲ್ಲಿ ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಬಂಡೆಯ ವಯಸ್ಸನ್ನು ಯುರೇನಿಯಂನಿಂದ ತಿಳಿಯುವ ಬಗೆಯನ್ನು ಒಂದು ಅವಧಿಯ ಪಾಠವಾಗಿ ಯೋಜಿಸಿಕೊಂಡೆ.

ಚಟುವಟಿಕೆಗೆ ಆರಿಸಿಕೊಂಡದ್ದು ಚೌಕಾಬಾರದ ಹುಣಸೆ ಬೀಜ. ಒಂದು ಬದಿ ತೇಯ್ದ 64 ಬೀಜಗಳು (ಅಮ್ಮ ಮತ್ತು ನಾನು ಎರಡು ಸಂಜೆ ಕೂತು ತೇಯ್ದೆವು). ಪ್ರತಿ ಬೀಜ ಒಂದು ಯುರೇನಿಯಂ ಪರಮಾಣು. ಎಸೆದಾಗ ಬಿಳಿ ಮೇಲಾಗಿ ಬಿದ್ದದ್ದು ಕ್ಷಯಿಸಿತು. ಅದನ್ನು ತೆಗೆದು ಆ ಜಾಗಕ್ಕೆ ಸೀಸದ ಗುರುತಾಗಿ ಒಂದು ಹುರುಳಿಕಾಳು. ಪ್ರತಿ ಎಸೆತವೂ ಒಂದು ಅರ್ಧಾಯು. ಮಕ್ಕಳು ಐದು ಎಸೆತ ಹಾಕಿ, ಕೋಷ್ಟಕ ತುಂಬಿ, ನಕ್ಷೆ ಬಿಡಿಸಿದರು. ನಾನು ಕಪ್ಪುಹಲಗೆಯ ಮೇಲೆ ‘ಯುರೇನಿಯಂ-238, ಅರ್ಧಾಯು 447 ಕೋಟಿ ವರ್ಷ, ಮಧುಗಿರಿ ಬೆಟ್ಟದ ಗ್ರಾನೈಟ್, ಸುಮಾರು 252 ಕೋಟಿ ವರ್ಷ’ ಎಂದು ಬರೆದು ಮುಗಿಸಿದೆ. ಪಾಠ ಗೆದ್ದಿತು ಎಂದುಕೊಂಡೆ.

ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕರು ‘ಚಟುವಟಿಕೆ ಉತ್ತಮ’ ಎಂದು ಬರೆದು, ಕೆಳಗೆ ಒಂದು ಪ್ರಶ್ನೆ ಸೇರಿಸಿದ್ದರು: ‘ನಿಮ್ಮ ಬೆಟ್ಟ ಎಷ್ಟನೇ ಎಸೆತದಲ್ಲಿದೆ?’

ರಾತ್ರಿ ಲೆಕ್ಕ ಹಾಕಿದಾಗ ನಾಚಿಕೆಯಾಯಿತು. 447 ಕೋಟಿಯ ಐದು ಎಸೆತ ಎಂದರೆ 2,235 ಕೋಟಿ ವರ್ಷ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ. ಭೂಮಿಗೆ 454 ಕೋಟಿ, ಅಂದರೆ ಹೆಚ್ಚುಕಡಿಮೆ ಒಂದೇ ಎಸೆತ. ನಮ್ಮ ಬೆಟ್ಟಕ್ಕೆ ಒಂದು ಎಸೆತವೂ ಆಗಿಲ್ಲ! 100 ಪರಮಾಣುಗಳಲ್ಲಿ 68 ಇನ್ನೂ ಯುರೇನಿಯಂ ಆಗಿಯೇ ಉಳಿದಿವೆ. ನಕ್ಷೆ ಚೆನ್ನಾಗಿ ಬಂದಿತ್ತು, ಆದರೆ ಅದಕ್ಕೂ ಬೆಟ್ಟಕ್ಕೂ ಸಂಬಂಧವೇ ಇರಲಿಲ್ಲ. ಮಕ್ಕಳು ಯಾರೂ ಕೇಳಲಿಲ್ಲ. ಕೇಳುವಂತೆ ನಾನು ಕಲಿಸಿರಲಿಲ್ಲ.

ಮರುಪಾಠಕ್ಕೆ ಯುರೇನಿಯಂ-235 ತೆಗೆದುಕೊಂಡೆ. ಅದರ ಅರ್ಧಾಯು 70.4 ಕೋಟಿ ವರ್ಷ. 252ನ್ನು ಅದರಿಂದ ಭಾಗಿಸಿದರೆ ಸುಮಾರು ಮೂರೂವರೆ ಎಸೆತ. 64 ಬೀಜ 32, 16, 8 ಆಗಿ, ನಾಲ್ಕಕ್ಕೆ ಇಳಿಯುವ ನಡುವೆ ಎಲ್ಲೋ ನಮ್ಮ ಬೆಟ್ಟ ನಿಂತಿದೆ. ಈಗ ಆಟಕ್ಕೂ ಕಲ್ಲಿಗೂ ತಾಳೆಯಾಯಿತು. (ಹುಣಸೆ ಬೀಜ ಸರಿಯಾಗಿ ಅರ್ಧಕ್ಕರ್ಧ ಬೀಳುವುದಿಲ್ಲ ಎಂದು ಚೌಕಾಬಾರ ಆಡುವ ಹುಡುಗಿಯರೇ ಹೇಳಿದರು. ನಿಜ. ಎಲ್ಲ ಗುಂಪುಗಳ ಎಣಿಕೆ ಕೂಡಿಸಿ ಆ ಓಲನ್ನೂ ಚರ್ಚಿಸಿದೆವು.)

ಇನ್ನೊಂದು ಲಾಭವೂ ಆಯಿತು. ಎರಡು ಯುರೇನಿಯಂಗಳೂ ಜಿರ್ಕಾನ್ ಎಂಬ ಒಂದೇ ಹರಳಿನೊಳಗಿವೆ. 238 ಕೊನೆಗೆ ಸೀಸ-206 ಆಗುತ್ತದೆ, 235 ಸೀಸ-207 ಆಗುತ್ತದೆ. ಒಂದೇ ಹರಳಿನಲ್ಲಿ ಬೇರೆಬೇರೆ ವೇಗದ ಎರಡು ಗಡಿಯಾರ. ಎರಡೂ ಒಂದೇ ವಯಸ್ಸು ಹೇಳಿದರೆ ನಂಬಬಹುದು. ಹೇಳದಿದ್ದರೆ ಹರಳಿನಿಂದ ಸೀಸ ಸೋರಿರಬಹುದೇ ಎಂದು ನೋಡಬೇಕು.

‘ಗಡಿಯಾರ ಶುರು ಮಾಡಿದ್ದು ಯಾರು ಮಿಸ್?’ ಎಂದೊಬ್ಬ ಕೇಳಿದ. ಇದು ನನ್ನ ಪಾಠಯೋಜನೆಯಲ್ಲಿ ಇರಲೇಬೇಕಿದ್ದ ಪ್ರಶ್ನೆ. ಶಿಲಾಪಾಕ ತಣಿಯುವಾಗ ಜಿರ್ಕಾನ್ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಇಂದು ಒಳಗಿರುವ ಸೀಸವೆಲ್ಲ ಬಹುತೇಕ ಆಮೇಲೆ ಹುಟ್ಟಿದ್ದು. ಹರಳು ಕಟ್ಟಿದ ಗಳಿಗೆಯೇ ಸೊನ್ನೆ ಗಂಟೆ. ಕಾರ್ಬನ್-14 ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ: ಅದರ ಅರ್ಧಾಯು 5,730 ವರ್ಷ, ಅದು ಒಂದು ಕಾಲಕ್ಕೆ ಜೀವವಿದ್ದ ವಸ್ತುಗಳಿಗೆ.

ಹೆಚ್ಚು ಹೊತ್ತು ಹಿಡಿದದ್ದು ಮತ್ತೊಂದು ಗೊಂದಲ. ನಮ್ಮ ಬೆಟ್ಟದ ಕಲ್ಲು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೆಯ ಹೆಸರಿನಿಂದ ಬಂದ ಹೆಸರು. ಆ ಪಟ್ಟಿ ರಾಮನಗರದಿಂದ ಮಧುಗಿರಿ, ಪಾವಗಡದ ಕಡೆ ಹಾದು ಉತ್ತರಕ್ಕೆ ಸಾಗುತ್ತದೆ. ಶಿರಾ ಬಯಲಿನ ಪಟ್ಟೆ ಪಟ್ಟೆ ಕಲ್ಲು ನೈಸ್. ಲಾಲ್‌ಬಾಗಿನ ಬಂಡೆಯೂ ಅದೇ ಜಾತಿಯದು, ಸುಮಾರು 300 ಕೋಟಿ ವರ್ಷದ್ದು. ‘ಬೆಟ್ಟ ಅಷ್ಟು ಎತ್ತರ ಐತೆ, ಅದ್ಹೆಂಗೆ ಬಯಲಿನ ಕಲ್ಲಿಗಿಂತ ಚಿಕ್ಕದು?’ ಎಂದು ಮಕ್ಕಳು ಒಪ್ಪಲಿಲ್ಲ. ಎಲ್ಲರನ್ನೂ ಶಾಲೆಯ ಮೆಟ್ಟಿಲಿಗೆ ಕರೆದೊಯ್ದೆ. ಗುಲಾಬಿ ಹರಳಿನ ಗ್ರಾನೈಟಿನೊಳಗೆ ಪಟ್ಟೆಯುಳ್ಳ ಕಪ್ಪು ತುಂಡೊಂದು ಸಿಕ್ಕಿಕೊಂಡಿತ್ತು. ಗಾರೆ ಕೆಲಸದವರ ಮಗನೊಬ್ಬ ತಕ್ಷಣ, ‘ಕಾಂಕ್ರೀಟೊಳಗಿನ ಜಲ್ಲಿ ಕಾಂಕ್ರೀಟಿಗಿಂತ ಹಳೇದು ಮಿಸ್’ ಎಂದ. ಅಷ್ಟೇ ಸಾಕಾಯಿತು. ಕರಗಿ ಮೇಲೇರಿದ ಶಿಲಾಪಾಕ ಹಳೆಯ ನೈಸಿನ ಚೂರುಗಳನ್ನು ಹಿಡಿದುಕೊಂಡು ಗಟ್ಟಿಯಾಗಿದೆ. ಬೆಟ್ಟ ಇಂದು ಎತ್ತರ ಕಾಣುವುದು ಸುತ್ತಲಿನ ಕಲ್ಲು ಹೆಚ್ಚು ಸವೆದದ್ದರಿಂದ. ವಯಸ್ಸಿಗೂ ಎತ್ತರಕ್ಕೂ ಸಂಬಂಧವಿಲ್ಲ.

ವಿಸ್ತರಣೆಗೆ ಮಡಗಾಸ್ಕರ್ ದ್ವೀಪ ಇಟ್ಟುಕೊಂಡಿದ್ದೆ. ಅದರ ಈಶಾನ್ಯ ಅಂಚಿನ ಅಂಟೊಂಗಿಲ್ ಪ್ರದೇಶದಲ್ಲಿ 300 ಕೋಟಿ ವರ್ಷ ದಾಟಿದ ನೈಸ್ ಇದೆ, ಅದನ್ನು ಸೀಳಿ ಬಂದ ಸುಮಾರು 250 ಕೋಟಿ ವರ್ಷದ ಗ್ರಾನೈಟೂ ಇದೆ. ಕರ್ನಾಟಕದ ಹಾಗೆಯೇ! ಎರಡೂ ಒಂದೇ ಭೂಖಂಡದ ತುಂಡುಗಳಾಗಿದ್ದಿರಬೇಕು ಎನ್ನುವುದಕ್ಕೆ ಇದೊಂದು ಸಾಕ್ಷ್ಯ. ಅವು ಬೇರ್ಪಟ್ಟ ಕಾಲದ ಗುರುತು ನಮ್ಮ ಕರಾವಳಿಯಲ್ಲೇ ಇದೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಸುಮಾರು 8.5ರಿಂದ 9 ಕೋಟಿ ವರ್ಷದ ಜ್ವಾಲಾಮುಖಿ ಶಿಲೆ. ವಯಸ್ಸು ಹೊಂದಿದ ಮಾತ್ರಕ್ಕೆ ತುಂಡು ಹೊಂದುವುದಿಲ್ಲ. ಶಿಲೆಯ ರಚನೆ, ಕಾಂತ ಗುಣ, ಅಂಚಿನ ಆಕಾರ ಎಲ್ಲವನ್ನೂ ಕೂಡಿಸಿ ನೋಡಬೇಕು.

ಈ ಕೊನೆಯ ಭಾಗವನ್ನು ಏಳು ನಿಮಿಷದಲ್ಲಿ ಓಡಿಸಿದೆ. ಮೌಲ್ಯಮಾಪನದಲ್ಲಿ ಎಸೆತದ ಲೆಕ್ಕವನ್ನು ಹೆಚ್ಚಿನವರು ಸರಿ ಮಾಡಿದರು, ಜಲ್ಲಿಯ ಉದಾಹರಣೆಯನ್ನೂ ಬರೆದರು. ಮಡಗಾಸ್ಕರ್ ಪ್ರಶ್ನೆಗೆ ಮಾತ್ರ ಹಲವರು ‘ನಮ್ಮ ಬೆಟ್ಟ ಮಡಗಾಸ್ಕರಿನಿಂದ ಬಂತು’ ಎಂದು ಬರೆದಿದ್ದರು. ಈ ಪಾಠ ಮಾಡುವ ಸಹಪಾಠಿಗಳು ಮಡಗಾಸ್ಕರಿಗೇ ಒಂದು ಪ್ರತ್ಯೇಕ ಅವಧಿ ಇಟ್ಟುಕೊಳ್ಳಲಿ, ಜೊತೆಗೆ ಎರಡು ತುಂಡಾಗಿ ಹರಿದ ಒಂದು ನಕ್ಷೆಯನ್ನೂ ಒಯ್ಯಲಿ. ಹುಣಸೆ ಬೀಜ ಬೇಕಿದ್ದರೆ ನನ್ನ ಬಳಿ 64 ತೇಯ್ದು ಇಟ್ಟಿವೆ.