ಅಂಗನವಾಡಿಯ ಆಹಾರ ತಾಯಿ-ಮಗುವಿನ ತಟ್ಟೆಗೇ ಸೇರಲಿ



ತೆಂಗಿನ ಸಸಿಯನ್ನು ಆರಿಸುವಾಗ ನೀವು ಅದರ ಬುಡದ ಸುತ್ತಳತೆಯನ್ನು ನೋಡುತ್ತೀರಿ, ಎಲೆಗಳನ್ನು ಎಣಿಸುತ್ತೀರಿ. ಒಂಬತ್ತರಿಂದ ಹನ್ನೆರಡು ತಿಂಗಳಾದರೂ ಬುಡ 10 ಸೆಂಟಿಮೀಟರ್ ದಪ್ಪವಾಗದ ಸಸಿಯನ್ನು ಪಕ್ಕಕ್ಕೆ ಇಡುತ್ತೀರಿ. ಎಳವೆಯಲ್ಲಿ ಸೊರಗಿದ ಸಸಿಗೆ ಮುಂದೆ ಎಷ್ಟು ಗೊಬ್ಬರ ಹಾಕಿದರೂ ಅದು ಒಳ್ಳೆಯ ಮರವಾಗುವುದಿಲ್ಲವೆಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗುವಿನ ಬೆಳವಣಿಗೆಯೂ ಹೀಗೆಯೇ. ಬಸಿರು ನಿಂತಂದಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಸುಮಾರು 1,000 ದಿನಗಳಲ್ಲಿ ದೇಹವೂ ಮಿದುಳೂ ಅತಿ ವೇಗವಾಗಿ ಬೆಳೆಯುತ್ತವೆ. ಆಗ ಆದ ಕೊರತೆಯನ್ನು ಮುಂದೆ ಪೂರ್ತಿಯಾಗಿ ತುಂಬಿಕೊಡುವುದು ಕಷ್ಟ. ಸೊರಗಿದ ಸಸಿಯನ್ನು ಬಿಟ್ಟು ಬೇರೆಯದನ್ನು ತರಬಹುದು. ಮಗುವಿನ ವಿಷಯದಲ್ಲಿ ಆ ಅವಕಾಶವಿಲ್ಲ. ಆದುದರಿಂದ ತಾಯಿ-ಮಕ್ಕಳಿಗೆ ಸರ್ಕಾರ ಕೊಡುವ ಆಹಾರವೇನು, ಅದರ ಪ್ರಯೋಜನ ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಮನೆಯ ಯಜಮಾನರೂ ತಿಳಿದಿರುವುದು ಅವಶ್ಯ.

ದೊರೆಯುವ ಆಹಾರ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭಿಸಲಾಯಿತು. ಕರ್ನಾಟಕದಲ್ಲಿ ಮೊದಲಿಗೆ ಇದು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ನಮ್ಮ ಹಳ್ಳಿಗಳ ಅಂಗನವಾಡಿಗಳು ಈ ಯೋಜನೆಯವೇ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಬಂದ ಮೇಲೆ ಈ ಆಹಾರ ತಾಯಂದಿರ ಮತ್ತು ಮಕ್ಕಳ ಹಕ್ಕಾಯಿತು. ಕಾಯಿದೆಯಲ್ಲಿ ನಿಗದಿಯಾಗಿರುವ ದಿನದ ಪ್ರಮಾಣ ಹೀಗಿದೆ:

ಗರ್ಭಿಣಿಗೆ, ಮತ್ತು ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಗೆ: 600 ಕ್ಯಾಲೊರಿ ಶಕ್ತಿ, 18ರಿಂದ 20 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು.

ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ: ಮನೆಗೆ ಒಯ್ಯುವ ಆಹಾರ, 500 ಕ್ಯಾಲೊರಿ, 12ರಿಂದ 15 ಗ್ರಾಂ ಸಸಾರಜನಕ.

ಮೂರರಿಂದ ಆರು ವರ್ಷದ ಮಗುವಿಗೆ: ಅಂಗನವಾಡಿಯಲ್ಲೇ ಬೆಳಗಿನ ಉಪಾಹಾರ ಮತ್ತು ಬಿಸಿ ಊಟ, ಅಷ್ಟೇ ಪ್ರಮಾಣದಲ್ಲಿ.

ಅಪೌಷ್ಟಿಕತೆಯಿಂದ ಬಳಲುವ ಮಗುವಿಗೆ: 800 ಕ್ಯಾಲೊರಿ, 20ರಿಂದ 25 ಗ್ರಾಂ ಸಸಾರಜನಕ.

ಇದಲ್ಲದೆ ಕರ್ನಾಟಕದಲ್ಲಿ 2013ರಲ್ಲಿ ಕ್ಷೀರಭಾಗ್ಯ ಯೋಜನೆಯಿಂದ ಅಂಗನವಾಡಿ ಮಕ್ಕಳಿಗೆ ಹಾಲು ಬಂತು. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ರಾಜ್ಯದಾದ್ಯಂತ ಜಾರಿಯಾಯಿತು. ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನ ಅನ್ನ, ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಕಡಲೇಕಾಯಿ ಚಿಕ್ಕಿ ಕೊಡುವುದು ಇದರ ಕ್ರಮ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು ಕೊಡುತ್ತಾರೆ.

"ನಮಗೆ ತೋಟವಿದೆ, ಈ ಅನ್ನ ನಮಗೇಕೆ?" ಎನ್ನುವವರುಂಟು. ಇದು ಭಿಕ್ಷೆಯಲ್ಲ. ಇದಕ್ಕೆ ಪಡಿತರ ಚೀಟಿಯ ಬಣ್ಣವನ್ನು ನೋಡುವುದಿಲ್ಲ. ತೋಟವಿದ್ದ ಮನೆಯಲ್ಲೂ ರಕ್ತಹೀನತೆಯ ಗರ್ಭಿಣಿಯರು ಇರುತ್ತಾರೆ.

ಲೆಕ್ಕ ತಪ್ಪುವುದು ಎಲ್ಲಿ?

ಈ ಆಹಾರದ ಹೆಸರೇ ಪೂರಕ ಆಹಾರ. ಮನೆಯ ಊಟದ ಮೇಲೆ ಇದು ಸೇರಬೇಕು. ಮನೆಯ ಊಟದ ಬದಲಿಗೆ ಅಲ್ಲ. ಗರ್ಭಿಣಿಗೆ ಎಂದಿನ ಊಟಕ್ಕಿಂತ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು.

ಒಂದು ಮುದ್ದೆ, ಸಾರು, ಸ್ವಲ್ಪ ಅನ್ನದ ಮಧ್ಯಾಹ್ನದ ಊಟದಿಂದ 600 ಕ್ಯಾಲೊರಿ ದೊರೆಯುತ್ತದೆಂದು ಇಟ್ಟುಕೊಳ್ಳಿ. "ಅಂಗನವಾಡಿಯಲ್ಲಿ ಉಂಡಳಲ್ಲ" ಎಂದು ಮನೆಯಲ್ಲಿ ಆ ಊಟವನ್ನು ಬಿಟ್ಟರೆ ಬಂದದ್ದು 600, ಹೋದದ್ದು 600. ಹೊಟ್ಟೆಯಲ್ಲಿರುವ ಮಗುವಿಗೆ ಉಳಿದದ್ದು ಸೊನ್ನೆ. ಒಂದೇ ಸಲಕ್ಕೆ ಎರಡು ಊಟ ಉಣ್ಣಲಾಗದು, ನಿಜ. ಆದುದರಿಂದ ಮನೆಯ ಊಟವನ್ನು ಬೆಳಗ್ಗೆ, ಸಂಜೆ, ರಾತ್ರಿಗೆ ಹಂಚಿ, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಉಣ್ಣುವಂತೆ ಏರ್ಪಾಡು ಮಾಡಿರಿ.

ಮನೆಗೆ ತಂದ ಪೊಟ್ಟಣದ ಲೆಕ್ಕವೂ ಇದೇ. ಒಂದು ಮಗುವಿನ 500 ಕ್ಯಾಲೊರಿಯನ್ನು ಮನೆಯ ಮೂವರು ಮಕ್ಕಳಿಗೆ ಹಂಚಿದರೆ ಒಬ್ಬೊಬ್ಬರಿಗೆ 170 ಕೂಡ ಬರುವುದಿಲ್ಲ. ಚಿಕ್ಕ ಮಗುವಿನ ಪಾಲನ್ನು ಬೇರೆ ಡಬ್ಬಿಯಲ್ಲಿ ಹಾಕಿಡುವುದು ಒಳ್ಳೆಯದು.

ಬಸುರಿ ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂಬ ನಂಬಿಕೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಇದರಿಂದ ಕೆಡುಕೇ ಹೆಚ್ಚು. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ತೂಗುವ ಮಗುವಿಗೆ ರೋಗವೂ ಅಪಾಯವೂ ಹೆಚ್ಚು. ಬಾಣಂತಿಗೆ ಸೊಪ್ಪು, ತರಕಾರಿ, ನೀರನ್ನು ಕಡಿಮೆ ಮಾಡುವುದೂ ಸರಿಯಲ್ಲ. ಕೊಬ್ಬರಿ-ಬೆಲ್ಲ ಕೊಡುವ ವಾಡಿಕೆಯನ್ನು ಉಳಿಸಿಕೊಂಡು ಅದರ ಜೊತೆಗೆ ಇವನ್ನೂ ಕೊಡಿರಿ.

ತೋಟದ ಮನೆಗಳ ತೊಂದರೆ

ಹಂದನಕೆರೆಯಂಥ ಕಡೆ ಎಷ್ಟೋ ಸಂಸಾರಗಳು ಊರಿನಿಂದ ದೂರ ತೋಟದಲ್ಲೇ ವಾಸವಾಗಿರುತ್ತವೆ. ದಿನ ತುಂಬಿದ ಬಸುರಿ ಬಿಸಿಲಿನಲ್ಲಿ ನಡೆದು ಬಂದು ಉಂಡು ಹೋಗುವುದು ಸುಲಭವಲ್ಲ. ಡೈರಿಗೆ ಹಾಲು ಹಾಕಲು, ಅಂಗಡಿಗೆ ಸಾಮಾನು ತರಲು ಬೈಕು ಹೊರಡುವ ಮನೆಯಲ್ಲಿ ಇದಕ್ಕೂ ದಾರಿ ಹುಡುಕಬಹುದು. ನಿಮ್ಮ ಕೇಂದ್ರದಲ್ಲಿ ಈಗ ಆಹಾರವನ್ನು ಯಾವ ರೀತಿ ಕೊಡುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯವರನ್ನು ಕೇಳಿ, ಬಸಿರಿನ ಮೊದಲ ತಿಂಗಳುಗಳಲ್ಲೇ ಹೆಸರು ಬರೆಸಿರಿ.

ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿಯಿಲ್ಲದ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರ್ 13ರಂದು ತೀರ್ಪಿತ್ತಿದೆ. ಅಂಥ ಹಟ್ಟಿ, ಪಾಳ್ಯಗಳವರು ಮಕ್ಕಳ ಪಟ್ಟಿಯೊಡನೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಅರ್ಜಿ ಕೊಡಬಹುದು.

ನಿಮ್ಮ ತೋಟಕ್ಕೆ ಕೂಲಿಗೆ ಬರುವ ಹೆಣ್ಣುಮಕ್ಕಳಲ್ಲಿ ಬಸುರಿಯರು, ಎಳೆ ಮಗುವಿನ ತಾಯಂದಿರು ಇರಬಹುದು. ಮಧ್ಯಾಹ್ನ ಅಂಗನವಾಡಿಗೆ ಹೋಗಿ ಬರಲು ಅವರಿಗೆ ಒಂದು ಗಂಟೆ ಬಿಡುವು ಕೊಡಿರಿ. ಅದಕ್ಕಾಗಿ ಕೂಲಿ ಮುರಿಯಬೇಡಿರಿ. ಕಾಯಿದೆ ಕೊಟ್ಟ ಊಟವನ್ನು ನಮ್ಮ ಹೊಲದ ಕೆಲಸ ಕಿತ್ತುಕೊಳ್ಳಬಾರದು.

ಹೊಲದಿಂದ ಸೇರಬೇಕಾದದ್ದು

ತೆಂಗು ಶಕ್ತಿ ಕೊಡುವ ಆಹಾರ. 100 ಗ್ರಾಂ ಕೊಬ್ಬರಿಯಲ್ಲಿ ಸುಮಾರು 660 ಕ್ಯಾಲೊರಿ ಇದ್ದರೂ ಸಸಾರಜನಕ 7 ಗ್ರಾಂ ಮಾತ್ರ. ಅಷ್ಟೇ ತೂಕದ ಹೆಸರುಕಾಳಿನಲ್ಲಿ 24 ಗ್ರಾಂ, ಹುರುಳಿಯಲ್ಲಿ 22 ಗ್ರಾಂ ಇದೆ. ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದಂಶವಿದೆ. ಮುಂಗಾರಿಗೆ ಮುಂಚೆ ಬೆಳೆದ ಹೆಸರು, ಅಲಸಂದೆಯನ್ನೆಲ್ಲ ಮಂಡಿಗೆ ಹಾಕದೆ ಮನೆಯಲ್ಲಿ ತಾಯಿ-ಮಗು ಇರುವ ವರ್ಷ ಒಂದು ಪಾಲನ್ನು ಉಳಿಸಿಕೊಳ್ಳಿರಿ. ಬಚ್ಚಲ ನೀರು ಹರಿಯುವಲ್ಲಿ ಎರಡು ನುಗ್ಗೆ, ಒಂದು ಪರಂಗಿ, ಒಂದು ಮಡಿ ಸೊಪ್ಪು ಇದ್ದರೆ ಸಾರಿಗೆ ಕೊರತೆಯಾಗದು.

ಕಬ್ಬಿಣಾಂಶದ ಮಾತ್ರೆ ನುಂಗಿದ ಕೂಡಲೆ ಕಾಫಿ, ಟೀ ಕುಡಿಯಬಾರದು. ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು, ಸೀಬೆಹಣ್ಣು ತಿಂದರೆ ಚೆನ್ನಾಗಿ ಹತ್ತುತ್ತದೆ.

ಮೊಳಕೆ ರಾಗಿಯ ಹುರಿಹಿಟ್ಟು

ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು. ಆಮೇಲೆ ಎದೆಹಾಲಿನೊಂದಿಗೆ ಬೇರೆ ಆಹಾರವನ್ನೂ ಪ್ರಾರಂಭಿಸಬೇಕು. ಮಗುವಿನ ಹೊಟ್ಟೆ ಚಿಕ್ಕದು. ನೀರು ಗಂಜಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲದು. ರಾಗಿಯನ್ನು ಮೊಳಕೆ ಕಟ್ಟಿದಾಗ ಅದರ ಪಿಷ್ಟ ಸಡಿಲವಾಗುತ್ತದೆ. ಆಗ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಗಟ್ಟಿಯಾಗದೆ ಮಗು ಸುಲಭವಾಗಿ ನುಂಗುತ್ತದೆ.

ಒಂದು ಕಿಲೋ ರಾಗಿಯನ್ನು ತೊಳೆದು 12 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒಂದು ದಿನದಿಂದ ಒಂದೂವರೆ ದಿನ ಕಟ್ಟಿಡಿ. ಮೊಳಕೆ ಬಂದ ಮೇಲೆ ಚೆನ್ನಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆಯನ್ನು ತೆಗೆದು, ಸಣ್ಣ ಉರಿಯಲ್ಲಿ ಹದವಾಗಿ ಬೆಚ್ಚಗೆ ಮಾಡಿ. ಹೆಚ್ಚು ಹುರಿದರೆ ಮೊಳಕೆಯ ಗುಣ ಕೆಡುತ್ತದೆ. ಕಾಲು ಕಿಲೋ ಹೆಸರುಕಾಳನ್ನು ಬೇರೆಯಾಗಿ ಹುರಿದು, ಎರಡನ್ನೂ ಸೇರಿಸಿ ಬೀಸಿ ಜರಡಿ ಹಿಡಿಯಿರಿ. ಬೂಷ್ಟು ವಾಸನೆ ಬಂದ ಕಾಳನ್ನು ಬಳಸಬೇಡಿರಿ. ಹಿಟ್ಟನ್ನು ನೀರಿನಲ್ಲಿ ಕಲಸಿ ಚೆನ್ನಾಗಿ ಬೇಯಿಸಿ, ಒಂದು ಚಮಚ ತುಪ್ಪ ಅಥವಾ ತಾಜಾ ತೆಂಗಿನ ಹಾಲು ಸೇರಿಸಿ ಉಣ್ಣಿಸಿರಿ.

ತೂಕವೇ ಸಾಕ್ಷಿ

ಕೊಬ್ಬರಿಯ ತೂಕ ನೋಡದೆ ಮಂಡಿಯಿಂದ ನೀವು ಏಳುವುದಿಲ್ಲ. ಮಗುವಿನ ತೂಕವನ್ನೂ ಹಾಗೆಯೇ ಪ್ರತಿ ತಿಂಗಳು ಅಂಗನವಾಡಿಯಲ್ಲಿ ಹಾಕಿಸಿ, ತಾಯಿ ಕಾರ್ಡಿನ ಗೆರೆಯನ್ನು ನೀವೇ ನೋಡಿರಿ. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಗೆರೆ ಮೇಲೇರದೆ ಮಟ್ಟಸವಾದರೆ ಕಾಯಬಾರದು. ಆರು ತಿಂಗಳು ಮೀರಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಕೂಡಲೆ ಆಸ್ಪತ್ರೆಗೆ ಕರೆದೊಯ್ಯಿರಿ.

ನೆನಪಿಡಬೇಕಾದ ಅಂಶಗಳು

1. ಬಸಿರು ತಿಳಿದ ಕೂಡಲೆ ಅಂಗನವಾಡಿಯಲ್ಲಿ ಹೆಸರು ಬರೆಸಿರಿ.
2. ಅಲ್ಲಿಯ ಆಹಾರ ಮನೆಯ ಊಟದ ಜೊತೆಗೆ, ಬದಲಿಗೆ ಅಲ್ಲ.
3. ತಾಯಿಯ ಪಾಲು ತಾಯಿಗೆ, ಮಗುವಿನ ಪಾಲು ಮಗುವಿಗೆ.
4. ಕೂಲಿಯ ಹೆಣ್ಣುಮಕ್ಕಳಿಗೆ ಊಟಕ್ಕೆ ಬಿಡುವು ಕೊಡಿರಿ.
5. ಮಗುವಿನ ತೂಕವನ್ನು ತಿಂಗಳಿಗೊಮ್ಮೆ ತಪ್ಪದೆ ನೋಡಿರಿ.