ಒಡೆಯದ ಬಾಕ್ಸ್‌ಗೆ ಕೋಟಿ ಕೊಡುವ ಮುನ್ನ

2021ರ ಜನವರಿಯಲ್ಲಿ ಅಮೆರಿಕದ ಹೆರಿಟೇಜ್ ಹರಾಜು ಸಂಸ್ಥೆಯಲ್ಲಿ 1999ರ ಒಂದು ಪೋಕೆಮಾನ್ ಕಾರ್ಡ್ ಬಾಕ್ಸ್ 4,08,000 ಡಾಲರ್‌ಗೆ ಹೋಯಿತು. ಆಗಿನ ದರದಲ್ಲಿ ಹತ್ತಿರಹತ್ತಿರ 3 ಕೋಟಿ ರೂಪಾಯಿ. ಅಂಗಡಿಗೆ ಹೊಸದಾಗಿ ಬಂದಾಗ ಇಂಥದೇ ಬಾಕ್ಸ್ ನೂರು ಚಿಲ್ಲರೆ ಡಾಲರ್‌ಗೆ ಸಿಗುತ್ತಿತ್ತು. ಮಕ್ಕಳಾಟದ ರಟ್ಟಿನ ಚೂರುಗಳು ಇಷ್ಟು ಬೆಲೆ ಬಾಳುತ್ತವೆಯೇ? ಕೆಲವರ ಕೈಯಲ್ಲಿ ಬಾಳುತ್ತವೆ, ಅದೂ ಬಾಕ್ಸ್ ಒಡೆಯದೆ ಇದ್ದರೆ. ಆ ಕೆಲವರಲ್ಲಿ ಒಬ್ಬರಾಗುವ ಆಸೆಯಿದ್ದರೆ ಮುಂದೆ ಓದಿ.

1. ಒಳಗೇನಿದೆ, ಲೆಕ್ಕ ಹಾಕಿ

ಅದೇ ಬಾಕ್ಸ್ ತೆಗೆದುಕೊಳ್ಳಿ. ಪೋಕೆಮಾನ್ ಬೇಸ್ ಸೆಟ್, ಫಸ್ಟ್ ಎಡಿಷನ್. 36 ಪ್ಯಾಕ್, ಪ್ಯಾಕ್‌ಗೆ 11 ಕಾರ್ಡ್. ಮಿರಿಮಿರಿ ಹೊಳೆಯುವ ಹೋಲೋ ಕಾರ್ಡ್ ಸುಮಾರು ಮೂರು ಪ್ಯಾಕ್‌ಗೆ ಒಂದರಂತೆ ಸಿಗುತ್ತದೆ, ಅಂದರೆ ಬಾಕ್ಸ್‌ಗೆ ಹನ್ನೆರಡು. ಹೋಲೋಗಳು 16 ಬಗೆ. ಅದರಲ್ಲಿ ಮಚಾಂಪ್ ಸ್ಟಾರ್ಟರ್ ಡೆಕ್‌ನಲ್ಲಷ್ಟೇ ಬರುತ್ತಿತ್ತು. ಉಳಿದ ಹದಿನೈದರಲ್ಲಿ ಎಲ್ಲರೂ ಬಾಯಿ ಬಿಡುವ ಚಾರಿಜಾರ್ಡ್ ಒಂದು. ಹತ್ತು ಬಾಕ್ಸ್ ಒಡೆದರೆ ಸರಾಸರಿ ಎಂಟು ಚಾರಿಜಾರ್ಡ್. ನಿಮ್ಮ ಬಾಕ್ಸ್‌ನಲ್ಲಿ ಒಂದೂ ಇಲ್ಲದಿರಬಹುದು.

ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದನ್ನು ಪಿಎಸ್‌ಎಯಂಥ ಗ್ರೇಡಿಂಗ್ ಸಂಸ್ಥೆಗೆ ಕಳಿಸಬೇಕು. ಅಂಚು ಒಂದಿಷ್ಟು ಬೆಳ್ಳಗಾಗಿದ್ದರೂ, ಚಿತ್ರ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ 10 ಸಿಗುವುದಿಲ್ಲ. ಹಾಗೆ ಪೂರ್ಣ ಅಂಕ ಪಡೆದ ಒಂದು ಚಾರಿಜಾರ್ಡ್ 2022ರ ಮಾರ್ಚ್‌ನಲ್ಲಿ 4,20,000 ಡಾಲರ್‌ಗೆ ಮಾರಾಟವಾಯಿತು. ಅಂದರೆ ಬಾಕ್ಸ್ ಕೊಳ್ಳುವವರು ಅತ್ಯುತ್ತಮ ಫಲಿತಾಂಶದ ಬೆಲೆಯನ್ನು ಮೊದಲೇ ತೆತ್ತಿರುತ್ತಾರೆ. ಬ್ಲಾಸ್ಟಾಯ್ಸ್, ವೀನುಸಾರ್‌ಗಳಿಗೂ ಬೆಲೆಯಿದೆ. ಆದರೆ ಚಾರಿಜಾರ್ಡ್ ಕೈಕೊಟ್ಟರೆ ಆ ನಷ್ಟ ತುಂಬುವಷ್ಟಿಲ್ಲ.

ಒಡೆಯದ ಬಾಕ್ಸ್ ಎಂದರೆ ಕೆರೆದು ನೋಡದ ಲಾಟರಿ ಟಿಕೆಟ್. ಕೆರೆಯುವವರೆಗೂ ಅದರಲ್ಲಿ ಮೊದಲ ಬಹುಮಾನ ಇದ್ದೇ ಇದೆ.

2. ಕಾರ್ಡ್ ಬೇಕಿದ್ದರೆ ಕಾರ್ಡನ್ನೇ ಕೊಳ್ಳಿ

ಬಾಲ್ಯದ ಚಾರಿಜಾರ್ಡ್ ಮೇಲೆ ಪ್ರೀತಿಯೇ? ಫಸ್ಟ್ ಎಡಿಷನ್ ಮುದ್ರೆಯಿಲ್ಲದ, ಮಧ್ಯಮ ದರ್ಜೆಯ ಒಂದನ್ನು ತೆಗೆದುಕೊಂಡು ನೆಮ್ಮದಿಯಾಗಿರಿ. ಬಾಕ್ಸ್‌ನ ಬೆಲೆಗೂ ಅದಕ್ಕೂ ಅಜಗಜಾಂತರ.

3. ಸೀಲ್ ಮಾಡಿದ್ದು ಯಾರು ಎಂದು ಕೇಳಿ

ಹೊಸಬರು ಹೆಚ್ಚು ಎಡವುವುದು ಇಲ್ಲೇ. 1986ರ ಫ್ಲೀರ್ ಬ್ಯಾಸ್ಕೆಟ್‌ಬಾಲ್ ಬಾಕ್ಸ್‌ನಲ್ಲಿ ಮೈಕೆಲ್ ಜೋರ್ಡನ್ ಕಾರ್ಡ್ ಇದೆ. ಸೆಟ್‌ನಲ್ಲಿ 132 ಕಾರ್ಡ್, ಬಾಕ್ಸ್‌ನಲ್ಲಿ 36 ಪ್ಯಾಕ್, ಪ್ಯಾಕ್‌ಗೆ 12 ಕಾರ್ಡ್; ಲೆಕ್ಕದ ಪ್ರಕಾರ ಬಾಕ್ಸ್‌ಗೆ ಮೂರು ಜೋರ್ಡನ್. ಅದಕ್ಕೇ ಅದು ಚಿನ್ನ. ಆದರೆ ಆ ಬಾಕ್ಸ್‌ಗಳು ಕಾರ್ಖಾನೆಯಿಂದ ಪ್ಲಾಸ್ಟಿಕ್ ಸುತ್ತಿಕೊಂಡು ಬಂದವಲ್ಲ. ಮೇಲೆ ಮುಚ್ಚಳದ ರಟ್ಟಿನ ಡಬ್ಬಿ, ಒಳಗೆ ಮೇಣದ ಕಾಗದದ ಪ್ಯಾಕ್‌ಗಳು, ಅಷ್ಟೇ. ಇಂದು ಕಾಣುವ ಬಿಗಿಯಾದ ಪ್ಲಾಸ್ಟಿಕ್, ಹಲವು ವರ್ಷಗಳ ನಂತರ ಪರಿಶೀಲಕರು ಸುತ್ತಿದ್ದು. ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ಈ ಕೆಲಸಕ್ಕೆ ಹೆಸರುವಾಸಿ.

ಮೇಣದ ಪ್ಯಾಕ್ ಮುಚ್ಚುವುದು ಬಿಸಿಯಿಂದ. ತೆರೆದು, ಒಳ್ಳೆಯ ಕಾರ್ಡ್ ಎತ್ತಿಕೊಂಡು, ಬೇರೆಯದನ್ನು ತುರುಕಿ, ಮತ್ತೆ ಬಿಸಿ ತಾಗಿಸಿದರೆ ಮೇಲ್ನೋಟಕ್ಕೆ ಹೊಸದೇ. ಮಡಿಕೆಯ ಗೆರೆ ಎರಡಾಗಿದೆಯೇ, ಮೇಣ ಹರಡಿದ ಗುರುತು ಸಹಜವಾಗಿದೆಯೇ, ಹಿಂಬದಿಯ ಕಾರ್ಡ್‌ಗೆ ಮೇಣದ ಕಲೆ ಇರಬೇಕಾದಲ್ಲೇ ಇದೆಯೇ ಎಂದು ನೋಡುವ ಕಣ್ಣು ಬೇಕು. ಫೋಟೋ ನೋಡಿ ಇದನ್ನು ಹೇಳಲಾಗದು. ನೀವು ದುಡ್ಡು ಕೊಡುತ್ತಿರುವುದು ಬಾಕ್ಸ್‌ಗಿಂತ ಹೆಚ್ಚಾಗಿ ಆ ಕಣ್ಣಿಗೆ.

4. ಆ ಕಣ್ಣೂ ಮೋಸ ಹೋಗುತ್ತದೆ, ವಾಪಸಾತಿಯನ್ನು ಬರೆಸಿಕೊಳ್ಳಿ

ಯೂಟ್ಯೂಬ್‌ನ ಲೋಗನ್ ಪಾಲ್ 2021ರ ಡಿಸೆಂಬರ್‌ನಲ್ಲಿ ಫಸ್ಟ್ ಎಡಿಷನ್ ಪೋಕೆಮಾನ್‌ನ ಆರು ಬಾಕ್ಸ್‌ಗಳ ಒಂದು ಇಡೀ ಕೇಸನ್ನು 35 ಲಕ್ಷ ಡಾಲರ್‌ಗೆ ಕೊಂಡರು. ಅದಕ್ಕೆ ಇದೇ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಅಸಲಿ ಎಂದು ಪ್ರಮಾಣ ಕೊಟ್ಟಿತ್ತು. ಕೇಸ್ ಎಲ್ಲಿಂದ ಬಂತು, ಲೇಬಲ್ ಯಾಕೆ ಹೀಗಿದೆ ಎಂದು ಪೋಕೆಮಾನ್ ಪ್ರಿಯರು ಪ್ರಶ್ನೆ ಎತ್ತಿದರು. ಜನವರಿಯಲ್ಲಿ ಶಿಕಾಗೋದಲ್ಲಿ, ಆ ಸಂಸ್ಥೆಯವರ ಎದುರಲ್ಲೇ, ಕ್ಯಾಮೆರಾ ಮುಂದೆ ಒಡೆದು ನೋಡಿದರೆ ಒಳಗೆ ಇದ್ದದ್ದು ಜಿ.ಐ. ಜೋ ಎಂಬ ಬೇರೆಯೇ ಆಟಿಕೆ ಸರಣಿಯ ಕಾರ್ಡ್‌ಗಳು! ಚಾರಿಜಾರ್ಡ್ ಹಾಗಿರಲಿ, ಪಿಕಾಚುವಿನ ಬಾಲವೂ ಇರಲಿಲ್ಲ.

ಅವರಿಗೆ ಹಣ ವಾಪಸ್ ಬಂತು. ಜಗತ್ತೇ ನೋಡುತ್ತಿರುವಾಗ ವಾಪಸ್ ಕೊಡದೆ ವಿಧಿಯಿರಲಿಲ್ಲ. ನಿಮಗೆ ಆ ಪ್ರೇಕ್ಷಕರಿಲ್ಲ. ನಕಲಿ ಎಂದು ಸಾಬೀತಾದರೆ ಯಾರು, ಎಷ್ಟು ದಿನದೊಳಗೆ, ಎಷ್ಟು ಹಣ ಕೊಡಬೇಕು ಎಂಬುದು ಕಾಗದದ ಮೇಲಿರಲಿ. ಇನ್ನೊಂದು ತಮಾಷೆ: ಅಸಲಿತನ ಖಚಿತವಾಗಿ ತಿಳಿಯಲು ಬಾಕ್ಸ್ ಒಡೆಯಬೇಕು, ಒಡೆದರೆ ಬೆಲೆಯಿಲ್ಲ.

5. ಬಿಡಿ ಪ್ಯಾಕ್ ಮುಟ್ಟಬೇಡಿ

ಹೋಲೋ ಕಾರ್ಡ್‌ನ ಹೊಳೆಯುವ ಪದರಕ್ಕೆ ತೂಕವಿದೆ. ಅಕ್ಕಸಾಲಿಗರ ತಕ್ಕಡಿಯಂಥ ಸೂಕ್ಷ್ಮ ತಕ್ಕಡಿಯಿದ್ದರೆ ಭಾರದ ಪ್ಯಾಕ್ ಯಾವುದು, ಹಗುರ ಯಾವುದು ಗೊತ್ತಾಗುತ್ತದೆ. ಭಾರದ್ದನ್ನು ಇಟ್ಟುಕೊಂಡು ಹಗುರವಾದದ್ದನ್ನು ಮಾರುವುದು ಈ ವ್ಯಾಪಾರದಲ್ಲಿ ಹಳೆಯ ರೂಢಿ. ನಿಮಗೆ ಬರುವುದು ಯಾರೋ ಅಳೆದು ತೂಗಿ ಬಿಟ್ಟದ್ದು.

6. ಹಳೆಯದೆಲ್ಲ ಅಪರೂಪವಲ್ಲ

ಇಡೀ ವಿಷಯದ ಬೇರು ಇದು. 1952ರ ಟಾಪ್ಸ್ ಬೇಸ್‌ಬಾಲ್ ಕಾರ್ಡ್‌ಗಳಿಗೆ ಈಗಿನ ಬೆಲೆ ಬಂದದ್ದು ಹೇಗೆ? ಮಾರಾಟವಾಗದೆ ಉಳಿದ ರಾಶಿಯನ್ನು ಕಂಪನಿಯವರೇ 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದುಬಿಟ್ಟರು. ಆ ಸೆಟ್‌ನ ಮಿಕಿ ಮ್ಯಾಂಟಲ್ ಕಾರ್ಡ್ ಒಂದು 2022ರಲ್ಲಿ 1.26 ಕೋಟಿ ಡಾಲರ್ ತಂದಿತು. ಹಳೆಯ ಕಾರ್ಡ್‌ಗೆ ಇಷ್ಟು ಬೆಲೆಯಿದೆ ಎಂದು 1980ರ ದಶಕದಲ್ಲಿ ಜನಕ್ಕೆ ತಿಳಿದದ್ದೇ ತಡ, ಎಲ್ಲರೂ ಬಾಕ್ಸ್ ಕೊಂಡು ಅಟ್ಟಕ್ಕೇರಿಸಿದರು, ಕಂಪನಿಗಳು ಹಗಲಿರುಳು ಅಚ್ಚು ಹಾಕಿದವು. 1980ರ ದಶಕದ ಕೊನೆಯಿಂದ 90ರ ದಶಕದ ಆರಂಭದವರೆಗಿನ ಆ ಸರಕನ್ನು ಅಮೆರಿಕನ್ನರು ‘ಜಂಕ್ ವ್ಯಾಕ್ಸ್’ ಎಂದು ಹಂಗಿಸುತ್ತಾರೆ. ಎಲ್ಲರೂ ಜೋಪಾನ ಮಾಡಿದ್ದು ಯಾರಿಗೂ ಬೇಡವಾಯಿತು.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು: ಎಷ್ಟು ಅಚ್ಚಾಯಿತು, ಎಷ್ಟು ಒಡೆದುಹೋಯಿತು, ಮತ್ತೆ ಅಚ್ಚಾಗಬಹುದೇ? 1993ರ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟದ ಮೊದಲ ಮುದ್ರಣ ಆಲ್ಫಾದಲ್ಲಿ ಒಂದೊಂದು ಅಪರೂಪದ ಕಾರ್ಡ್ ಸುಮಾರು 1,100 ಪ್ರತಿಗಳಷ್ಟೇ. 1995ರಲ್ಲಿ ಹಳೆಯ ಕಾರ್ಡ್‌ಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ರೊಚ್ಚಿಗೆದ್ದರು. ಮರುವರ್ಷ ಕಂಪನಿ, ಇಂತಿಂಥ ಕಾರ್ಡ್ ಇನ್ನು ಅಚ್ಚು ಹಾಕುವುದಿಲ್ಲ ಎಂದು ಪಟ್ಟಿ ಕೊಟ್ಟಿತು. ಆ ಪಟ್ಟಿಯಲ್ಲಿರುವ ಬ್ಲ್ಯಾಕ್ ಲೋಟಸ್ ಕಾರ್ಡ್‌ನ ಬೆಲೆ ನಿಂತಿರುವುದು ಬಹುಪಾಲು ಆ ಮಾತಿನ ಮೇಲೆ.

ಅಟ್ಟದಿಂದ ನಿಧಿ ಇಳಿಯುವುದೂ ಉಂಟು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಮನೆಯೊಂದರಲ್ಲಿ 1979–80ರ ಓ-ಪೀ-ಚೀ ಕಂಪನಿಯ ಐಸ್ ಹಾಕಿ ಕಾರ್ಡ್‌ಗಳ ಒಡೆಯದ ಕೇಸ್ ಸಿಕ್ಕಿತು. 16 ಬಾಕ್ಸ್, ಒಳಗೆ ಆ ಆಟದ ತಾರೆ ವೇಯ್ನ್ ಗ್ರೆಟ್ಸ್‌ಕಿಯ ಮೊದಲ ಕಾರ್ಡ್‌ನ ಆಸೆ. 2024ರ ಫೆಬ್ರವರಿಯ ಹರಾಜಿನಲ್ಲಿ 37 ಲಕ್ಷ ಡಾಲರ್ ದಾಟಿತು. ಇಂಥ ಸುದ್ದಿ ಓದಿದವರೆಲ್ಲ ಅಟ್ಟ ಹತ್ತುತ್ತಾರೆ. ಸಿಗುವುದು ಸಾಮಾನ್ಯವಾಗಿ 1990ರ ಬೇಸ್‌ಬಾಲ್.

7. ಜಾತ್ರೆ ಮುಗಿಯುವ ಹೊತ್ತಿಗೆ ಅಂಗಡಿಗೆ ಹೋಗಬೇಡಿ

ಕೋವಿಡ್ ಕಾಲದಲ್ಲಿ ಕೆಲಸವಿಲ್ಲದೆ ಕೂತವರ ಕೈಯಲ್ಲಿ ದುಡ್ಡಿತ್ತು, ಎದುರಿಗೆ ಯೂಟ್ಯೂಬ್ ಇತ್ತು; ಕಾರ್ಡ್‌ಗಳ ಬೆಲೆ ಏರಿತು. 2021ರ ಜನವರಿಯ ಕೊನೆಯಲ್ಲಿ ಪಿಎಸ್‌ಎ 10 ದರ್ಜೆಯ 1986ರ ಜೋರ್ಡನ್ 7,38,000 ಡಾಲರ್‌ಗೆ ಹೋಯಿತು. ಮುಂದಿನ ವರ್ಷ ಅಂಥದೇ ಕಾರ್ಡ್ 2 ಲಕ್ಷದ ಆಸುಪಾಸಿಗೆ ಇಳಿಯಿತು. ಕಾರ್ಡ್ ಅದೇ, ಅಂಕ ಅದೇ, ಜೋರ್ಡನ್ ಕೂಡ ಅದೇ ಭಂಗಿಯಲ್ಲಿ ಹಾರುತ್ತಿದ್ದಾರೆ. ಮಾರುವವರು ಕೇಳುವ ಬೆಲೆಗೆ ಕಿವಿಗೊಡಬೇಡಿ. ಕಳೆದ ಆರು ತಿಂಗಳಲ್ಲಿ ನಿಜಕ್ಕೂ ಮಾರಾಟವಾದ ಬೆಲೆಗಳನ್ನು ತೆಗೆದು ನೋಡಿ.

8. ಮಾರುವ ಖರ್ಚನ್ನು ಕೊಳ್ಳುವಾಗಲೇ ಕಳೆಯಿರಿ

ಆರಂಭದ 4,08,000 ಡಾಲರ್‌ನಲ್ಲಿ ಹರಾಜು ಸಂಸ್ಥೆಯ 20% ಶುಲ್ಕ ಸೇರಿದೆ. ಸುತ್ತಿಗೆ ಬಿದ್ದದ್ದು 3,40,000ಕ್ಕೆ. ಮರುದಿನವೇ ಅದೇ ಮಟ್ಟಕ್ಕೆ ಮಾರಿದರೂ 68,000 ಡಾಲರ್ ಖೋತಾ. ಬೆಂಗಳೂರಿಗೆ ತರಿಸಿಕೊಳ್ಳುವವರಿಗೆ ಸಾಗಣೆ, ವಿಮೆ, ಕಸ್ಟಮ್ಸ್ ಬೇರೆ. ಮಾರಲು ಮತ್ತೆ ಅಮೆರಿಕಕ್ಕೇ ಕಳಿಸಬೇಕು.

9. ಇಡುವ ಜಾಗ ನೋಡಿ

ಬಿಸಿಲು ಬಣ್ಣ ತಿನ್ನುತ್ತದೆ, ತೇವ ಕಾರ್ಡನ್ನು ಬಾಗಿಸುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುವಾಗ ರಟ್ಟಿನ ಡಬ್ಬಿಯ ಪಾಡು ಹೇಳಬೇಕೇ?

10. ಒಡೆಯಲೇಬೇಕೆಂದು ಕೈ ತುರಿಸಿದರೆ

ಮೇಲೆ ಹೇಳಿದ ಜಂಕ್ ವ್ಯಾಕ್ಸ್ ಇರುವುದೇ ಇದಕ್ಕೆ. 1990ರ ಒಂದು ಟಾಪ್ಸ್ ಬೇಸ್‌ಬಾಲ್ ಬಾಕ್ಸ್ ತರಿಸಿ, ಮಕ್ಕಳನ್ನು ಕೂರಿಸಿಕೊಂಡು 36 ಪ್ಯಾಕ್‌ಗಳನ್ನೂ ಒಡೆಯಿರಿ. ಮೇಣದ ಕಾಗದ ಬಿಚ್ಚುವ ಸದ್ದು, ಮುಂದಿನ ಕಾರ್ಡ್ ಯಾವುದೋ ಎಂಬ ಕುತೂಹಲ, ಕೋಟಿ ರೂಪಾಯಿ ಬಾಕ್ಸ್‌ನಲ್ಲಿ ಸಿಗುವಷ್ಟೇ ಸಿಗುತ್ತದೆ. ಪ್ಯಾಕ್‌ನಲ್ಲಿರುವ ಗುಲಾಬಿ ಬಣ್ಣದ ಬಬಲ್‌ಗಮ್ ಪಟ್ಟಿಯನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಬೇಡಿ. ಅದಕ್ಕೆ ಮೂವತ್ತು ವರ್ಷ ದಾಟಿದೆ.